ಡ್ರೈವರ್ ಹೆಸರಿನ ಮುಂದೆ ಕೆಂಪು ಗೀಟು

ನಗರ ಸಾರಿಗೆಯ ಡಿಪೋ ಒಂದರಲ್ಲಿ ಮೆಕ್ಯಾನಿಕಲ್ ಸೂಪರ್‌ವೈಸರ್ ಆಗಿದ್ದಾಗಿನ ಮಾತು. ಡೀಸೆಲ್ ಖರ್ಚು ಇಳಿಸಿ ಅಂತ ಮೇಲಿನವರ ಕಾಟ. ನಾನು ಮೊದಲು ಮಾಡಿದ್ದು, ಬೋರ್ಡಿನ ಮೇಲೆ ಡ್ರೈವರ್‌ಗಳ ಹೆಸರು ಬರೆದು ಮುಂದೆ ಅವರವರ ಕೆಎಂಪಿಎಲ್, ಅಂದರೆ ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ಅನ್ನೋ ಲೆಕ್ಕ, ಹಾಕಿದ್ದು. ಲೀಟರಿಗೆ 4 ಕಿಲೋಮೀಟರ್‌ಗಿಂತ ಕಮ್ಮಿ ಬಂದರೆ ಕೆಂಪು ಗೀಟು.

ಲೆಕ್ಕವೇನೋ ಸರಿಯಿತ್ತು. ದಿನಕ್ಕೆ 200 ಕಿಲೋಮೀಟರ್ ಓಡುವ ಬಸ್ಸು 4ರ ಬದಲು 4.2 ಕೊಟ್ಟರೆ ಸುಮಾರು 2.4 ಲೀಟರ್ ಉಳಿಯುತ್ತೆ. ಲೀಟರಿಗೆ 90 ರೂಪಾಯಿ ಅಂದರೂ 100 ಬಸ್ಸಿಗೆ ತಿಂಗಳಿಗೆ 6 ಲಕ್ಷ ದಾಟುತ್ತೆ. ಆದರೆ ಎರಡು ತಿಂಗಳು ಗೀಟು ಎಳೆದರೂ ಸರಾಸರಿ ಅಲ್ಲಾಡಲಿಲ್ಲ.

ಪ್ರತಿ ವಾರ ಗೀಟು ಬೀಳುತ್ತಿದ್ದ ಹಿರಿಯ ಡ್ರೈವರ್ ಒಬ್ಬರು ಒಂದು ರಾತ್ರಿ ಗಾಡಿ ಒಳಗೆ ತಂದವರೇ ನನ್ನನ್ನು ಕರೆದರು. "ಹಿಂದಿನ ಚಕ್ರದ ಹತ್ರ ಕೈ ಇಟ್ಟು ನೋಡಿ ಸಾರ್." ಮುಟ್ಟುವುದೇ ಬೇಕಾಗಲಿಲ್ಲ, ಗೇಣು ದೂರಕ್ಕೇ ಕಾವು ಹೊಡೆಯುತ್ತಿತ್ತು. ಬ್ರೇಕಿನ ಲೈನರ್ ಪಟ್ಟಿ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಉಜ್ಜಿಕೊಂಡೇ ಗಾಡಿ ಓಡಿತ್ತು. ಪಾಪ, ದಿನವಿಡೀ ಬ್ರೇಕ್ ಹಿಡಿದ ಬಸ್ಸನ್ನು ಎಳೆದಾಡಿದ್ದರು.

ಬಿಗಿ ಮಾಡಿದ್ದು ನಮ್ಮ ಮೆಕ್ಯಾನಿಕ್‌ಗಳೇ. "ಬ್ರೇಕ್ ಕಮ್ಮಿ" ಅಂತ ಬರೆದುಕೊಟ್ಟರೆ ಬ್ರೇಕ್ ಬಿಗಿ ಮಾಡುವ ಅಡ್ಜಸ್ಟರನ್ನು ಸ್ವಲ್ಪ ಜಾಸ್ತಿಯೇ ತಿರುಗಿಸೋದು. ಮತ್ತೆ ಕಂಪ್ಲೇಂಟ್ ಬರಬಾರದಲ್ವಾ! ಅಂದಿನಿಂದ ಜಾಕಿ ಕೊಟ್ಟು ಎತ್ತಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡದೆ ಗಾಡಿ ಬಿಡಬೇಡಿ ಅಂದೆ.

ಆಮೇಲೆ ಒಂದು ದಿನ ಬೆಳಗಿನ ಜಾವ ಬಂದು ಸುಮ್ನೆ ನಿಂತೆ. ಹೊರಡುವುದು 5ಕ್ಕೆ, 4.30ಕ್ಕೇ ಸಾಲು ಬಸ್ಸುಗಳು ಸ್ಟಾರ್ಟ್ ಆಗಿ ಗುರ್ ಅನ್ನುತ್ತಿವೆ. ಬಸ್ಸಿನ ಬ್ರೇಕ್ ಕೆಲಸ ಮಾಡೋದು ಒತ್ತಿ ತುಂಬಿದ ಗಾಳಿಯಿಂದ; ರಾತ್ರಿ ಆ ಏರ್ ಲೀಕ್ ಆಗಿ ಏರ್ ಟ್ಯಾಂಕ್ ಖಾಲಿ. ಇಂಜಿನ್ ಓಡಿ ಏರ್ ತುಂಬದೆ ಬ್ರೇಕ್ ಬಿಡುವುದಿಲ್ಲ, ಅದಕ್ಕೇ ನಿಂತಲ್ಲೇ ಡೀಸೆಲ್ ಉರಿಸುವುದು. ವರ್ಷಗಳಿಂದ ಹಾಗೇ ನಡೆದಿತ್ತು, ಯಾರಿಗೂ ಅದು ರಿಪೇರಿ ಅನ್ನಿಸಿರಲಿಲ್ಲ. ಸೋಪಿನ ನೀರು ಕಲಸಿ ಒಂದೊಂದೇ ಜಾಯಿಂಟಿಗೆ ಹಚ್ಚಿದೆವು. ಗುಳ್ಳೆ ಎದ್ದ ಕಡೆ ವಾಷರ್ ಬದಲಿಸಿದೆವು. ಕೆಲವು ಕಡೆ ನಟ್ಟು ಬಿಗಿ ಮಾಡಿದ್ದೇ ಸಾಕಾಯಿತು.

ಟೈರಿನ ಗಾಳಿ, ಏರ್ ಫಿಲ್ಟರ್ ಎಲ್ಲರಿಗೂ ಗೊತ್ತಿರೋದೇ, ಅದನ್ನೂ ಮಾಡಿದೆವು. ಡ್ರೈವರ್‌ಗಳದ್ದು ಏನೂ ತಪ್ಪಿಲ್ಲ ಅನ್ನುತ್ತಿಲ್ಲ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುವವರೂ ಇದ್ದರು. ಆದರೆ ಬೋರ್ಡಿನ ಮೇಲಿದ್ದ ಹೆಸರುಗಳನ್ನು ಅಳಿಸಿ ಬಸ್ ನಂಬರ್ ಬರೆದೆ. ಮೂವರು ಓಡಿಸಿದರೂ ಕಮ್ಮಿ ಕೊಡುವ ಗಾಡಿ ನೇರ ರಿಪೇರಿ ಪಿಟ್ಟಿಗೆ. ಮೂರು ಗಾಡಿಯಲ್ಲೂ ಕಮ್ಮಿ ತರುವ ಡ್ರೈವರ್ ಪಕ್ಕ ಒಂದು ದಿನ ಇನ್‌ಸ್ಟ್ರಕ್ಟರ್ ಕೂರುತ್ತಿದ್ದರು.