ಎರಡು ಬಣ್ಣದ ನೀರು

ನಮ್ಮ ಭೂಗೋಳದ ಮೇಷ್ಟ್ರು ತೀರಿಕೊಂಡ ಸುದ್ದಿ ತಲುಪಿದಾಗ ನಾನು ಆಸ್ಟ್ರೇಲಿಯದ ಮಿಲ್ಡುರಾದಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಮರ್ರೆ ಮತ್ತು ಡಾರ್ಲಿಂಗ್ ನದಿಗಳು ಸೇರುವಲ್ಲಿರುವ ವೆಂಟ್‌ವರ್ತ್ ಎಂಬ ಪುಟ್ಟ ಊರನ್ನು ನನಗೆ ಮೊದಲು ತೋರಿಸಿದವರು ಅವರೇ. ಅದೂ ಕರಿಹಲಗೆಯ ಮೇಲೆ.

ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಸೇರುವುದನ್ನು ಕಂಡು ಬೆಳೆದ ನಮಗೆ ಅವರು ಮರ್ರೆ ನದಿಯನ್ನು ಹಸಿರು ಸೀಮೆಸುಣ್ಣದಲ್ಲಿಯೂ ಡಾರ್ಲಿಂಗನ್ನು ಹಳದಿಯಲ್ಲಿಯೂ ಬರೆದು, 1830ರಲ್ಲಿ ಅನ್ವೇಷಕ ಚಾರ್ಲ್ಸ್ ಸ್ಟರ್ಟ್ ದೋಣಿಯಲ್ಲಿ ಆ ಸಂಗಮಕ್ಕೆ ಬಂದುದನ್ನೂ, 1838ರಲ್ಲಿ ಹಾಡನ್ ಮತ್ತು ಬಾನಿ ಎಂಬವರು ಅಡಿಲೇಡ್ ನಗರದ ಕಡೆಗೆ ದನ ಹೊಡೆದುಕೊಂಡು ಆ ಮಾರ್ಗವಾಗಿ ಹೋದುದನ್ನೂ, ಹೊಳೆ ದಾಟುವ ಬಿಡಾರವೇ ಊರಾಗಿ 1859ರಲ್ಲಿ ರಾಜಕಾರಣಿ ವೆಂಟ್‌ವರ್ತರ ಹೆಸರು ಪಡೆದುದನ್ನೂ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಡಾರ್ಲಿಂಗನ್ನು 'ಬಾಕಾ' ಎಂದು ಕರೆದು ಅದರ ದಡದಲ್ಲಿ ಸಾವಿರಾರು ವರ್ಷ ಬಾಳಿದ ಬಾರ್ಕಿಂಜಿ ಜನರ ವಿಷಯ ಮಾತ್ರ ಅವರ ಪಾಠದಲ್ಲಿ ಬರಲಿಲ್ಲ. ಅದನ್ನು ನಾನು ಇಲ್ಲಿಗೆ ಬಂದಮೇಲೆ ಕಲಿತೆ.

ಒಂದು ಮಧ್ಯಾಹ್ನ ನಾವು ಮೂವರು ಒದ್ದೆ ಬಟ್ಟೆಯಿಂದ ಡಾರ್ಲಿಂಗನ್ನು ಒರೆಸಿಹಾಕಿದೆವು. ಮೇಷ್ಟ್ರು ಬಂದು, ಕನ್ನಡಕ ಏರಿಸಿ, "ಓಹೋ, ಬರ ಬಂದಿದೆ" ಎಂದರು. ಬೆತ್ತ ಬೀಳುವುದೆಂದು ಅಂಗೈ ಒರೆಸಿಕೊಳ್ಳುತ್ತಿದ್ದ ನಮಗೆ ದೊರೆತದ್ದು ಒಂದು ಗಂಟೆಯ ಪಾಠ: ಉಣ್ಣೆಯ ಮೂಟೆ ಹೊತ್ತ ಉಗಿದೋಣಿಗಳು ಡಾರ್ಲಿಂಗಿನ ನೀರು ಇಳಿದಾಗ ತಿಂಗಳುಗಟ್ಟಲೆ ಕೆಸರಿನಲ್ಲಿ ಕೂರುತ್ತಿದ್ದುದು, ಅವುಗಳ ದೆಸೆಯಿಂದ ದೊಡ್ಡ ಬಂದರಾಗಿದ್ದ ವೆಂಟ್‌ವರ್ತ್ ರೈಲು ಬೇರೆಡೆ ಹರಿದ ಮೇಲೆ ಸೊರಗಿದುದು. ಈಗಿನ ಮಕ್ಕಳಿಗೆ ಪರದೆಯ ಮೇಲೆ ನದಿಗಳು ತಾವಾಗಿಯೇ ಹರಿಯುತ್ತವೆ. ಒರೆಸುವ ಅವಕಾಶವೇ ಇಲ್ಲ.

ಆ ವರ್ಷ ಭೂಗೋಳದಲ್ಲಿ ಶಾಲೆಗೆ ನಾನೇ ಮೊದಲಿಗನೆಂಬುದನ್ನು ಸಂಕೋಚದಿಂದಲೇ ದಾಖಲಿಸುತ್ತೇನೆ.

ವೆಂಟ್‌ವರ್ತಿನಲ್ಲಿ ಸಣ್ಣ ಬೂದು ಬಣ್ಣದ ಫರ್ಗ್ಯುಸನ್ ಟ್ರ್ಯಾಕ್ಟರಿಗೆ ಸ್ಮಾರಕವಿದೆ. 1956ರ ಮಹಾಪೂರದಲ್ಲಿ ಏರಿ ಕಟ್ಟಿ ಊರನ್ನು ಉಳಿಸಿದ್ದು ಅಂಥ ಟ್ರ್ಯಾಕ್ಟರುಗಳೇ. ಮೊದಲ ಸಲ ಹೋದಾಗ ನಾನು ಅದರ ಬಳಿ ಹೆಚ್ಚು ನಿಲ್ಲದೆ ನೇರವಾಗಿ ಸಂಗಮದ ವೀಕ್ಷಣಾ ಗೋಪುರ ಏರಿದೆ. ಸಣ್ಣ ಜೇಡಿಯಿಂದ ಕದಡಿದ ಡಾರ್ಲಿಂಗ್ ಹಾಲು ಬೆರೆಸಿದ ಚಹಾದಂತಿತ್ತು. ಪಕ್ಕದಲ್ಲೇ ಮರ್ರೆ ಹಸಿರಾಗಿ, ಒಂದಿಷ್ಟು ದೂರ ಬೆರೆಯಲು ಮನಸ್ಸಿಲ್ಲದಂತೆ ಹರಿಯುತ್ತಿತ್ತು. ಸೀಮೆಸುಣ್ಣದ ಬಣ್ಣಗಳು ಹೆಚ್ಚುಕಡಿಮೆ ಸರಿಯಾಗಿದ್ದವು. ಕೂಡಲೇ ಫೋಟೋ ತೆಗೆದು ಮೇಷ್ಟ್ರಿಗೆ ಕಳುಹಿಸಿದೆ. ಎರಡು ದಿನದ ನಂತರ ಮೊಮ್ಮಗಳ ಫೋನಿನಿಂದ ಉತ್ತರ ಬಂತು: "ಚೆನ್ನಾಗಿದೆ. ಉತ್ತರ ದಿಕ್ಕು ಗುರುತಿಸಿಲ್ಲ. ಒಂದು ಅಂಕ ಖೋತಾ."