ಮ್ಯಾಪ್‌ಗೆ ಖಾಲಿ ರಸ್ತೆ, ಪಕ್ಕದ ಮನೆಯವರಿಗೆ ಅಂಗಳ

ಕಳೆದ ವಾರ ಕಸದ ತೊಟ್ಟಿಗಳನ್ನು ಬೀದಿಗೆ ತಂದಿಡುವ ಹೊತ್ತಲ್ಲಿ ಪಕ್ಕದ ಮನೆಯ ಹಿರಿಯರು ಒಂದು ಮಾತು ಹೇಳಿದರು. ಇಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಬಹಳ ಹಿಂದಿನಿಂದ ಇರುವವರು. ಸಂಜೆ ನಾಲ್ಕಾದರೆ ಅವರ ಮನೆ ಮುಂದೆ ಕಾರುಗಳ ಸಾಲು ನಿಲ್ಲುತ್ತದೆ, ಗ್ಯಾರೇಜಿನಿಂದ ಗಾಡಿ ಹಿಂದಕ್ಕೆ ತೆಗೆಯಲಿಕ್ಕೇ ಆಗುವುದಿಲ್ಲ. “ಈ ದಾರಿ ತೋರಿಸೋ ಆ್ಯಪ್ ಬರೆಯೋರಲ್ಲೂ ನಿಮ್ಮ ದೇಶದೋರು ತುಂಬ ಜನ ಇದ್ದಾರೆ, ಅದು ಹೇಳಿದ ಹಾಗೆ ಇಲ್ಲಿ ನುಗ್ಗೋರಲ್ಲೂ ಇದ್ದಾರೆ. ಇಲ್ಲಿ ಮನೆಗಳಿವೆ ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ವಾ?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. ನಿಜವೂ ಇದ್ದದ್ದರಿಂದ ಆ ಮಾತು ಚುಚ್ಚಿತು.

ಅವರ ಬೀದಿಗೆ ಈ ಕಾರುಗಳು ಬಂದದ್ದು ಹೇಗೆ ಎಂದು ನಮ್ಮ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಿಲಿಕಾನ್ ವ್ಯಾಲಿಯಲ್ಲಿ ಕೆಲಸ ಮಾಡುವ ಸಾವಿರಾರು ಮಂದಿಗೆ ಇಲ್ಲಿ ಮನೆ ಕೊಳ್ಳುವ ಶಕ್ತಿ ಇಲ್ಲ. ಅವರೆಲ್ಲ ಲಿವರ್‌ಮೋರ್, ಟ್ರೇಸಿ ಕಡೆ, ಗುಡ್ಡದ ಆಚೆ ಇರುತ್ತಾರೆ. ಸಂಜೆ ಮನೆಗೆ ಮರಳಲು ಇರುವ ಮುಖ್ಯ ದಾರಿ 680 ಫ್ರೀವೇ, ಅಂದರೆ ಸಿಗ್ನಲ್ ಇಲ್ಲದ ಹೆದ್ದಾರಿ; ಅದು ಫ್ರೀಮಾಂಟ್ ಬಳಿ ಕಟ್ಟಿ ನಿಲ್ಲುತ್ತದೆ. ಇದೇ ಫ್ರೀವೇಯಲ್ಲಿ ಮಿಷನ್ ಬುಲೆವಾರ್ಡ್ ಹೆಸರಿನ ಎಕ್ಸಿಟ್, ಅಂದರೆ ಕೆಳಗಿಳಿಯುವ ದಾರಿ, ಎರಡು ಸಲ ಬರುತ್ತದೆ: ದಕ್ಷಿಣದಲ್ಲಿ ಒಂದು, ಉತ್ತರಕ್ಕೆ ಹೋದಂತೆ ಇನ್ನೊಂದು. ಫ್ರೀವೇ ನಿಂತಾಗ ಆ್ಯಪ್‌ನ ಲೆಕ್ಕ ಬಹಳ ಸರಳ. ಮೊದಲನೆಯದರಲ್ಲಿ ಇಳಿಸು, ಮನೆಗಳ ನಡುವಿನ ಬೀದಿಗಳಲ್ಲಿ ಸಾಗಿಸು, ಮುಂದೆ ಮತ್ತೆ ಫ್ರೀವೇಗೆ ಹತ್ತಿಸು. ಒಬ್ಬ ಚಾಲಕನಿಗೆ ಇದರಲ್ಲಿ ನಾಲ್ಕು ನಿಮಿಷ ಉಳಿಯಬಹುದು. ಅದೇ ಸಲಹೆ ಸಾವಿರ ಜನಕ್ಕೆ ಹೋದಾಗ ಬೀದಿಯೂ ಕಟ್ಟುತ್ತದೆ, ಫ್ರೀವೇಗೆ ಮರಳಿ ಹತ್ತುವ ರ‍್ಯಾಂಪ್‌ನಲ್ಲಿ ಸೇರಿಕೊಳ್ಳುವ ಕಾರುಗಳಿಂದ ಫ್ರೀವೇಯೂ ಇನ್ನಷ್ಟು ನಿಧಾನವಾಗುತ್ತದೆ.

ಫ್ರೀಮಾಂಟ್‌ನ ಊರಾಡಳಿತ ಸುಮ್ಮನೆ ಕೂರಲಿಲ್ಲ. ದಟ್ಟಣೆಯ ಹೊತ್ತಿನಲ್ಲಿ ಕೆಲವು ಕಡೆ ತಿರುಗುವಂತಿಲ್ಲ ಎಂದು ಬೋರ್ಡು ಹಾಕಿತು. ಹತ್ತಿರದ ಲಾಸ್ ಗ್ಯಾಟೋಸ್‌ನಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ ಸಮುದ್ರತೀರಕ್ಕೆ ಹೋಗುವವರು ಊರೊಳಗೆ ನುಗ್ಗುತ್ತಾರೆಂದು 17ನೇ ಹೆದ್ದಾರಿಗೆ ಹತ್ತುವ ರ‍್ಯಾಂಪನ್ನೇ ಮುಚ್ಚಿ ನೋಡಿದರು. ದೇಶದ ಆ ತುದಿಯಲ್ಲಿ, ನ್ಯೂಜೆರ್ಸಿಯ ಲಿಯೋನಿಯಾ ಎಂಬ ಪುಟ್ಟ ಊರು 2018ರ ಜನವರಿಯಲ್ಲಿ ಸುಮಾರು 60 ಬೀದಿಗಳನ್ನು ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿತು. ತಪ್ಪಿದರೆ 200 ಡಾಲರ್ ದಂಡ. ಅದೇ ವರ್ಷ ನ್ಯಾಯಾಲಯ ಆ ನಿಯಮವನ್ನು ಅನೂರ್ಜಿತಗೊಳಿಸಿತು. ಆಸ್ಟ್ರಿಯಾದ ಟಿರೋಲ್ ಪ್ರಾಂತದಲ್ಲಿ 2019ರಿಂದ ರಜೆಯ ವಾರಾಂತ್ಯಗಳಲ್ಲಿ ಹೆದ್ದಾರಿ ಬಿಟ್ಟು ಹಳ್ಳಿರಸ್ತೆಗೆ ಇಳಿಯುವ ಪ್ರವಾಸಿಗರನ್ನು ಪೊಲೀಸರು ಅಡ್ಡಗಟ್ಟಿ ವಾಪಸ್ ಕಳಿಸುತ್ತಾರೆ. ಪಕ್ಕದ ಮನೆಯ ಹಿರಿಯರ ಬೇಸರ ಅವರೊಬ್ಬರದೇ ಅಲ್ಲ.

ಇಂಟರ್‌ನೆಟ್ ಇರುವ ನ್ಯಾವಿಗೇಟರ್, ಅಂದರೆ ದಾರಿ ತೋರಿಸುವ ಫೋನೋ ಸಾಧನವೋ, ದಾರಿಯನ್ನು ಹೇಗೆ ನೋಡುತ್ತದೆ ಎಂದು ತಿಳಿದರೆ ಅದರ ಯಾವ ಮಾತನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದೂ ತಿಳಿಯುತ್ತದೆ. ನಾವಿರುವ ಜಾಗವನ್ನು ಹೇಳುವುದು ಇಂಟರ್‌ನೆಟ್ ಅಲ್ಲ, ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು. ಕಡೇ ಪಕ್ಷ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆಂಬ ವಿವರವನ್ನು ಸೆಕೆಂಡಿಗೆ 50 ಬಿಟ್‌ನ ಆಮೆವೇಗದಲ್ಲಿ ಕಳಿಸುವುದರಿಂದ, ಹಳೇ ಸಾಧನಗಳು ಹೊಸ ಜಾಗದಲ್ಲಿ ಆನ್ ಆದಾಗ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಹುಡುಕಾಡುತ್ತಿದ್ದವು. ಈಗ ಆ ವಿವರವನ್ನು ಇಂಟರ್‌ನೆಟ್ ಮೊದಲೇ ತಂದುಕೊಡುತ್ತದೆ, ಕೆಲವೇ ಸೆಕೆಂಡಿನಲ್ಲಿ ನೀಲಿ ಚುಕ್ಕೆ ಕೂರುತ್ತದೆ.

ಇಂಟರ್‌ನೆಟ್ ತರುವ ಇನ್ನೊಂದು ಸಂಗತಿ, ಮುಂದಿನ ರಸ್ತೆಯಲ್ಲಿರುವ ಫೋನುಗಳ ವೇಗ. ನಕ್ಷೆಯಲ್ಲಿ ಕಾಣುವ ಕೆಂಪು ಗೆರೆ ಯಾರೋ ಕ್ಯಾಮೆರಾದಲ್ಲಿ ನೋಡಿ ಬರೆದದ್ದಲ್ಲ, ಆ ರಸ್ತೆಯಲ್ಲಿ ಫೋನುಗಳು ನಿಧಾನವಾಗಿ ಚಲಿಸುತ್ತಿವೆ ಎಂದಷ್ಟೇ ಅದರ ಅರ್ಥ. 2020ರಲ್ಲಿ ಬರ್ಲಿನ್‌ನ ಕಲಾವಿದರೊಬ್ಬರು 99 ಫೋನುಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಖಾಲಿ ಬೀದಿಯಲ್ಲಿ ನಡೆದಾಗ ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. ಇದರ ಉಲ್ಟಾ ಅಪಾಯಕಾರಿ. ಖಾಲಿ ರಸ್ತೆ ಯಾಕೆ ಖಾಲಿ ಇದೆ ಎಂದು ಯಂತ್ರ ಕೇಳುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ಜನ ಬಿಟ್ಟುಹೋದ ಬೀದಿಗಳು ಆ್ಯಪ್‌ಗಳ ಕಣ್ಣಿಗೆ ಸರಾಗವಾದ ದಾರಿಯಾಗಿ ಕಂಡವು. ಆ್ಯಪ್ ನಂಬಬೇಡಿ ಎಂದು ಪೊಲೀಸರೇ ಹೇಳಬೇಕಾಯಿತು. ಚಳಿಗಾಲದಲ್ಲಿ ಹಿಮ ಬಿದ್ದು ಟಾಹೋ ಸರೋವರದ ಕಡೆಯ 80 ಫ್ರೀವೇ ಮುಚ್ಚಿದಾಗ ಕಾಡಿನ ಮಣ್ಣುರಸ್ತೆಗಳನ್ನು ತೋರಿಸಿದ್ದೂ ಉಂಟು. ಬೆಟ್ಟದ ಕಡೆ ಹೊರಡುವ ಮುಂಚೆ ರಾಜ್ಯದ ರಸ್ತೆ ಇಲಾಖೆಯ ಕ್ವಿಕ್‌ಮ್ಯಾಪ್ ನೋಡಿ, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸರಪಳಿ ಬೇಕೇ, ದಾರಿ ತೆರೆದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಯೊಸೆಮಿಟಿ ಉದ್ಯಾನದ ಟಿಯೋಗಾ ಪಾಸ್ ಎಂಬ ಬೆಟ್ಟದ ದಾರಿ ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆಯವರೆಗೆ ಮುಚ್ಚಿಯೇ ಇರುತ್ತದೆ. ಇಂಟರ್‌ನೆಟ್ ಇಲ್ಲದ ಹಳೇ ಸಾಧನಕ್ಕೆ ಇದು ಗೊತ್ತಿರದೆ ಹೋಗಬಹುದು.

ದಿನನಿತ್ಯದ ಓಡಾಟಕ್ಕೆ ಬರೋಣ. ಹೊರಡುವ ಮುಂಚೆ, ಗಾಡಿ ನಿಂತಿರುವಾಗಲೇ, ಇಡೀ ದಾರಿಯನ್ನು ಒಮ್ಮೆ ಮೊದಲಿಂದ ಕೊನೆಯವರೆಗೆ ನೋಡಿ. ಫ್ರೀವೇ ಬಿಟ್ಟು ಮನೆಗಳ ಮಧ್ಯೆ ಐದಾರು ತಿರುವು ತೋರಿಸಿ ಮೂರು ನಿಮಿಷ ಉಳಿಸುತ್ತಿದ್ದರೆ ಪಕ್ಕದಲ್ಲಿ ಮಸುಕಾಗಿ ಕಾಣುವ ಬದಲಿ ದಾರಿಯ ಗೆರೆಯನ್ನು ಒತ್ತಿ, ದೊಡ್ಡ ರಸ್ತೆಯಲ್ಲೇ ಹೋಗಿ. ಆ ಮೂರು ನಿಮಿಷ ಬರೀ ಅಂದಾಜು; ಸಿಗ್ನಲ್ ಇಲ್ಲದ ಕಡೆ ಎದುರಿನ ಗಾಡಿಗಳನ್ನು ದಾಟಿ ಎಡಕ್ಕೆ ತಿರುಗಲು ಕಾಯುವುದರಲ್ಲೇ ಅದು ಕರಗುತ್ತದೆ. ಆ್ಯಪ್ ಪಟ್ಟು ಬಿಡದೆ ಒಳಬೀದಿಗೇ ಎಳೆದರೆ ಆ ಎಕ್ಸಿಟ್ ದಾಟಿದ ಮೇಲೆ ಫ್ರೀವೇಯ ಮೇಲೊಂದು ಜಾಗವನ್ನು ನಡುವಿನ ನಿಲುಗಡೆಯಾಗಿ ಸೇರಿಸಿ. ಆದರೆ ಆ ಜಾಗದ ಗುರುತು, ಅಂದರೆ ಪಿನ್, ನೀವು ಹೋಗುವ ದಿಕ್ಕಿನ ಪಥದ ಮೇಲೇ ಬೀಳಬೇಕು. ಎದುರು ಪಥದ ಮೇಲೆ ಬಿದ್ದರೆ ಮುಂದಿನ ಎಕ್ಸಿಟ್‌ನಲ್ಲಿ ಇಳಿಸಿ ಸುತ್ತು ಹೊಡೆಸುತ್ತದೆ.

ವಿಳಾಸ ಹಾಕುವಾಗ ಬೀದಿಯ ಹೆಸರಿನ ಜೊತೆ ಊರು, ಜಿಪ್ ಕೋಡ್ (ಇಲ್ಲಿನ ಪಿನ್‌ಕೋಡ್) ಎರಡನ್ನೂ ನೋಡಿ. ಒಂದೇ ಹೆಸರಿನ ಬೀದಿ ಅಕ್ಕಪಕ್ಕದ ನಾಲ್ಕು ಊರಲ್ಲಿರುತ್ತದೆ. ದೊಡ್ಡ ಅಪಾರ್ಟ್‌ಮೆಂಟ್ ಆದರೆ ಗೇಟಿನ ಮೇಲೇ ಪಿನ್ ಹಾಕಿ ಕಳಿಸಲು ಅಲ್ಲಿರುವವರನ್ನೇ ಕೇಳಿ, ಇಲ್ಲದಿದ್ದರೆ ಹಿಂದಿನ ಬೀದಿಯ ಬೇಲಿ ಪಕ್ಕ ತಂದು ನಿಲ್ಲಿಸಿ “ತಲುಪಿದಿರಿ” ಎನ್ನುತ್ತದೆ.

ಫೋನ್ ಕೂರಿಸುವ ಜಾಗಕ್ಕೂ ಇಲ್ಲಿ ಕಾನೂನಿದೆ. 2017ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಫೋನನ್ನು ಕೈಯಲ್ಲಿ ಹಿಡಿದು ಬಳಸುವಂತಿಲ್ಲ. ಸ್ಟ್ಯಾಂಡಿನಲ್ಲಿರುವ ಫೋನನ್ನು ಒಂದು ಸಲ ಒತ್ತಬಹುದು ಇಲ್ಲವೇ ಒಂದು ಸಲ ಸವರಬಹುದು, ಅಷ್ಟೇ. ಮುಂದಿನ ಗಾಜಿನ ಮೇಲೆ ಅಂಟಿಸುವುದಾದರೆ ಪಕ್ಕದ ಸೀಟಿನ ಕಡೆಯ ಕೆಳಮೂಲೆಯಲ್ಲಿ 7 ಇಂಚಿನ ಚೌಕದೊಳಗೆ, ಅಥವಾ ಚಾಲಕನ ಕಡೆಯ ಕೆಳಮೂಲೆಯಲ್ಲಿ 5 ಇಂಚಿನ ಚೌಕದೊಳಗೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ಬಿಟ್ಟು. ಬರೀ ನಕ್ಷೆ ನೋಡಲು ಕೈಯಲ್ಲಿ ಹಿಡಿದರೂ ತಪ್ಪೇ ಎಂದು 2025ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಮೊದಲ ಸಲಕ್ಕೆ ಮೂಲ ದಂಡ 20 ಡಾಲರ್ ಎಂದು ಕೇಳಿ ನೆಮ್ಮದಿ ಪಡಬೇಡಿ, ಅದರ ಮೇಲೆ ಬೀಳುವ ಶುಲ್ಕಗಳು ಅದರ ಹಲವು ಪಟ್ಟು.

ಎಸಿ ಕಿಂಡಿಗೆ ಸಿಕ್ಕಿಸುವ ಕ್ಲಿಪ್ ಬೇಸಿಗೆಗೆ ಒಳ್ಳೆಯದು, ಗಾಳಿ ಫೋನನ್ನು ತಂಪಾಗಿಡುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಅದೇ ಕಿಂಡಿ ಫೋನನ್ನು ಕಾಯಿಸುತ್ತದೆ. ಆ ಕಿಂಡಿಯೊಂದನ್ನು ಮುಚ್ಚಿಬಿಡಿ. ಐಫೋನ್ ಬಳಕೆಗೆ ಹೇಳಿರುವ ಹೊರಗಿನ ತಾಪಮಾನ 35 ಡಿಗ್ರಿವರೆಗೆ ಮಾತ್ರ. ಜುಲೈಯಲ್ಲಿ ಲಿವರ್‌ಮೋರ್ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನ್ ಪರದೆ ಮಬ್ಬಾಗಿ, ಚಾರ್ಜ್ ನಿಲ್ಲಿಸಿ, ಕೊನೆಗೆ ಆರಿಯೇ ಹೋಗುತ್ತದೆ. ಚಾರ್ಜ್ ಮಾಡುತ್ತಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಕೇಬಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಹಳೇ ಕಾರುಗಳಲ್ಲಿ ಹಾಡು ಹಾಕಲು ಕೊಟ್ಟ ಯುಎಸ್‌ಬಿ ಕಿಂಡಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಮಾತ್ರ ಕೊಡಬಹುದು. ಪರದೆ, ಜಿಪಿಎಸ್, ಡೇಟಾ ಮೂರೂ ಒಟ್ಟಿಗೆ ಓಡುವಾಗ ಅದು ಸಾಲದು. 12 ವೋಲ್ಟ್ ಸಾಕೆಟ್‌ಗೆ 18 ವ್ಯಾಟ್ ಅಥವಾ ಹೆಚ್ಚಿನ ಚಾರ್ಜರ್ ಹಾಕಿ. ಶಾಖ ತಡೆಯಲು ಲೋಹದ ಲೇಪ ಹಾಕಿದ ಗಾಜಿದ್ದರೆ ಉಪಗ್ರಹದ ಸಂಕೇತವೂ ಕುಗ್ಗುತ್ತದೆ. ಅಂಥ ಗಾಜಿನಲ್ಲಿ ಲೇಪವಿಲ್ಲದ ಭಾಗವೊಂದು ಸಾಮಾನ್ಯವಾಗಿ ಒಳಗಿನ ಕನ್ನಡಿಯ ಹತ್ತಿರ ಇರುತ್ತದೆ.

ಚುಕ್ಕೆ ತಪ್ಪು ರಸ್ತೆಗೆ ಜಿಗಿಯುವುದಕ್ಕೂ ಕಾರಣಗಳಿವೆ. ಸ್ಯಾನ್ ಫ್ರಾನ್ಸಿಸ್ಕೋದ ಗಗನಚುಂಬಿಗಳ ನಡುವೆ ಸಂಕೇತ ಗೋಡೆಗೆ ಬಡಿದು ತಡವಾಗಿ ತಲುಪುತ್ತದೆ, ಸಾಧನ ನಿಮ್ಮನ್ನು ಪಕ್ಕದ ಬೀದಿಯಲ್ಲಿ ಕೂರಿಸುತ್ತದೆ. ಬೇ ಬ್ರಿಡ್ಜ್‌ನ ಪಶ್ಚಿಮ ಭಾಗ ಎರಡು ಅಂತಸ್ತು: ಮೇಲೆ ನಗರಕ್ಕೆ ಬರುವವರು, ಕೆಳಗೆ ಓಕ್‌ಲ್ಯಾಂಡ್‌ಗೆ ಹೋಗುವವರು. ಕೆಳಗಿನ ಅಂತಸ್ತಿಗೆ ಆಕಾಶವೇ ಕಾಣದು. ಕಾಲ್ಡಿಕಾಟ್ ಸುರಂಗದಲ್ಲೂ ಹಾಗೆಯೇ. ಅಂಥ ಕಡೆ ಕಾರಿನ ಒಳಗೇ ಬಂದ ನ್ಯಾವಿಗೇಟರ್ ಹೆಚ್ಚು ನಂಬಿಕಸ್ಥ, ಏಕೆಂದರೆ ಅದು ಚಕ್ರದ ವೇಗವನ್ನೂ ತಿರುವನ್ನೂ ನೇರವಾಗಿ ಅಳೆಯುತ್ತದೆ. ಆದರೆ ಅದಕ್ಕೂ ಆಯುಷ್ಯವಿದೆ. 2022ರಲ್ಲಿ ಇಲ್ಲಿ 3ಜಿ ಜಾಲ ನಿಂತಾಗ ಹಳೇ ಕಾರುಗಳ ಎಷ್ಟೋ ಸಾಧನಗಳು ಇಂಟರ್‌ನೆಟ್ ಕಳೆದುಕೊಂಡು ಬರೀ ನಕ್ಷೆಯಾಗಿ ಉಳಿದವು. ಹಳೇ ಕಾರು ಕೊಳ್ಳುವವರು ಅದರ ಮೋಡೆಮ್ (ಇಂಟರ್‌ನೆಟ್ ಹಿಡಿಯುವ ಭಾಗ) 4ಜಿಯೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು.

ಹಿರಿಯರ ಮಾತು ನನ್ನನ್ನು ಊರಿನ ಕಡೆಗೂ ಎಳೆಯಿತು. “ಗಣಪತಿ ಗುಡಿ ದಾಟಿ, ಎಡಕ್ಕೆ ಹಾಲಿನ ಡೈರಿ, ಅದರ ಎದುರು ಓಣಿ” ಎಂದು ದಾರಿ ಹೇಳುವ ನಮ್ಮವರ ರೀತಿಯನ್ನು ಹಗುರ ಮಾಡಬಾರದು. ಗುರುತಿನ ಜಾಗ ಹೇಳಿ ದಾರಿ ತೋರಿಸುವುದನ್ನು ಗೂಗಲ್ ಮ್ಯಾಪ್ಸ್ 2009ರಲ್ಲಿ ಭಾರತಕ್ಕೆಂದೇ ಸೇರಿಸಿತು. ದ್ವಿಚಕ್ರ ವಾಹನದ ದಾರಿ ತೋರಿಸುವ ವಿಧಾನವೂ 2017ರಲ್ಲಿ ಮೊದಲು ಬಂದದ್ದು ಭಾರತದಲ್ಲೇ. ಇದು ಹೆಮ್ಮೆಯ ಮಾತು. ಹಾಗೆ ದಾರಿ ಕೇಳಿ ಬಂದವನಿಗೆ ಅದು ಯಾರ ಬೀದಿ, ಅಲ್ಲಿ ಯಾರಿದ್ದಾರೆ ಎಂಬುದೂ ತಿಳಿದಿರುತ್ತಿತ್ತು.

ಇವತ್ತು ಬೆಂಗಳೂರಿನ ಬಡಾವಣೆಗಳ ಕ್ರಾಸುಗಳಲ್ಲೂ ಇಲ್ಲಿನ ಕಥೆಯೇ. ರಿಂಗ್ ರೋಡ್ ನಿಂತರೆ ಶಾಲೆ ಮುಂದಿನ ಕ್ರಾಸಿಗೆ ಕಾರುಗಳು ಇಳಿಯುತ್ತವೆ. ನಮ್ಮಲ್ಲಿ ಅದಕ್ಕೆ ಉತ್ತರ ಅಳತೆಯಿಲ್ಲದ ಒಂದು ಹಂಪು, ಇಲ್ಲವೇ ಯಾರೋ ತಂದಿಟ್ಟ ಕಲ್ಲು. ಏಕಮುಖ ಮಾಡಿದ ರಸ್ತೆಯ ವಿಷಯ ನಕ್ಷೆಗೆ ತಲುಪುವುದು ಎಷ್ಟೋ ದಿನದ ಮೇಲೆ. ಇಲ್ಲಿ ರಸ್ತೆ ಮುಚ್ಚುವ ಮಾಹಿತಿಯನ್ನು ಊರಾಡಳಿತಗಳೇ ನಕ್ಷೆಯವರಿಗೆ ನೇರ ಕೊಡುವ ವ್ಯವಸ್ಥೆ 2014ರಿಂದ ಇದೆ. ನಮ್ಮ ಪಾಲಿಕೆಗಳಲ್ಲೂ ಅದು ದಿನದ ಕೆಲಸವಾಗಬೇಕು.

ರಜೆಗೆ ಊರಿಗೆ ಹೋಗಿ ಕಾರು ಓಡಿಸುವವರು ಹೊರಡುವ ಮುಂಚೆಯೇ ಮಲೆನಾಡಿನ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಘಾಟಿಗಳಲ್ಲಿ ನೆಟ್‌ವರ್ಕ್ ಸಿಗದ ತಿರುವುಗಳು ಬಹಳ. ಆಫ್‌ಲೈನ್‌ನಲ್ಲಿ ದಾರಿ ಸಿಗುತ್ತದೆ, ದಟ್ಟಣೆ ಮತ್ತು ಬದಲಿ ದಾರಿ ಸಿಗುವುದಿಲ್ಲ. ಬಂಡೀಪುರ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ 2009ರಿಂದ ಮುಚ್ಚಿರುತ್ತದೆ. ಆ್ಯಪ್ ಹೇಳುವ ತಲುಪುವ ಹೊತ್ತಿಗಿಂತ ಚೆಕ್‌ಪೋಸ್ಟ್ ದಾಟುವ ಹೊತ್ತನ್ನು ಲೆಕ್ಕ ಹಾಕಿ.

ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇರುವವರು ಈ ಸಲ ಹೋದಾಗ ಇನ್ನೊಂದು ಕೆಲಸ ಮಾಡಿ. ಮನೆಯ ಗೇಟಿನ ಎದುರು ನಿಂತು, ನೀಲಿ ಚುಕ್ಕೆ ಅಲುಗಾಡುವುದು ನಿಂತ ಮೇಲೆ, ಅಲ್ಲೇ ಒತ್ತಿ ಹಿಡಿದು ಪಿನ್ ಹಾಕಿ. ಅದರಡಿ ಕಾಣುವ ಪ್ಲಸ್ ಕೋಡ್ ಸುಮಾರು 14 ಮೀಟರ್ ಚೌಕವನ್ನು ಗುರುತಿಸುತ್ತದೆ. ಅಂಚೆ ಇಲಾಖೆ 2025ರಲ್ಲಿ ತಂದ 10 ಅಕ್ಷರದ ಡಿಜಿಪಿನ್ ಇನ್ನೂ ನಿಖರ, ಸುಮಾರು 4 ಮೀಟರ್ ಚೌಕ. ಎರಡನ್ನೂ, ಅವುಗಳ ಮೇಲೆ ಹತ್ತಿರದ ಗುಡಿಯೋ ಅಂಗಡಿಯೋ ಎಂಬ ಗುರುತನ್ನೂ, ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. 108ಕ್ಕೆ ಕರೆ ಮಾಡಿದಾಗ ಗಾಬರಿಯಲ್ಲೂ ಓದಿ ಹೇಳುವ ಹಾಗಿರಬೇಕು. ಮೊದಲ ಸಾಲಿಗೆ ಗುರುತನ್ನೇ ಬರೆಯಿರಿ, ಕೋಡ್ ಆಮೇಲೆ. ಅದೇ ಪಿನ್ನನ್ನು ಪಕ್ಕದ ಮನೆಯವರ ವಾಟ್ಸಾಪಿಗೂ ಕಳಿಸಿಡಿ, ಚಾಲಕರಿಗೆ ಅವರೇ ಮುಂದೆ ಕಳಿಸಬಹುದು.