ಕೋವಿಯ ನಳಿಗೆಗೆ ಕುದಿಯುವ ನೀರು

ಕೊಡಗಿನ ನಮ್ಮ ಹಳೆಯ ಮನೆಯ ಅಟ್ಟವನ್ನು ಈ ಬೇಸಿಗೆಯಲ್ಲಿ ಖಾಲಿ ಮಾಡುವಾಗ, ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ದೊಡ್ಡಪ್ಪನ ತಗಡಿನ ಪೆಟ್ಟಿಗೆಯಲ್ಲಿ 1950ರ ದಶಕದ ‘ಅಮೆರಿಕನ್ ರೈಫಲ್‌ಮನ್’ ಎಂಬ ಕೋವಿಗಳ ಕುರಿತಾದ ಪತ್ರಿಕೆಯ ಒಂದು ಕಟ್ಟು ಸಿಕ್ಕಿತು. ಅಂಚುಗಳನ್ನು ಗೆದ್ದಲು ತಿಂದಿದ್ದರೂ ಒಳಪುಟಗಳು ಉಳಿದಿದ್ದವು. ರದ್ದಿಗೆ ಹಾಕುವ ಮೊದಲು ಒಮ್ಮೆ ತಿರುವಿ ನೋಡೋಣವೆಂದು ಕುಳಿತವನಿಗೆ, ನಾನು ಹಿಂದೆ ಮಾಡಿದ ಒಂದು ತಪ್ಪಿನ ಕಾರಣ ಅಲ್ಲಿ ಕಾಣಿಸಿತು.

ಅಜ್ಜ ಕೇಪಿನ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಸಿಡಿಬಿಲ್ಲೆಯ) ಕೋವಿಯಿಂದ ಈಡು ಹೊಡೆದ ದಿನ ಸಂಜೆ, ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ನಳಿಗೆಯೊಳಗೆ ಸುರಿಯುತ್ತಿದ್ದರು. ಮೊದಲು ಕಪ್ಪಾಗಿ, ಆಮೇಲೆ ಬೂದು ಬಣ್ಣದಲ್ಲಿ ಇಳಿಯುವ ನೀರು ಪೂರ್ತಿ ತಿಳಿಯಾಗುವವರೆಗೆ ಸುರಿದು, ಗಜಕ್ಕೆ, ಅಂದರೆ ನಳಿಗೆಯೊಳಗೆ ತೂರಿಸುವ ಉದ್ದನೆಯ ಕೋಲಿಗೆ, ಬಟ್ಟೆ ಸುತ್ತಿ ಒರೆಸಿ, ಕಬ್ಬಿಣ ಇನ್ನೂ ಬಿಸಿಯಿರುವಾಗಲೇ ಎಣ್ಣೆ ಹಚ್ಚುತ್ತಿದ್ದರು. ಕೋವಿ ನನ್ನ ಪಾಲಿಗೆ ಬಂದಾಗ, ಕಬ್ಬಿಣಕ್ಕೆ ನೀರು ತಾಗಿಸಬಾರದೆಂದು ನಂಬಿದ್ದ ನಾನು ಆ ಕ್ರಮವನ್ನು ಬಿಟ್ಟು, ಎಣ್ಣೆಯನ್ನಷ್ಟೇ ಧಾರಾಳವಾಗಿ ಹಚ್ಚಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಳಿಗೆಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ತುಕ್ಕಿನ ಕುಳಿಗಳು ಬಿದ್ದಿದ್ದವು.

ಪತ್ರಿಕೆಯ ವಿವರಣೆ ಸರಳವಾಗಿದೆ. ಹಳೆಯ ಬಗೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಜಾತಿಯದೇ ಆದ ಒಂದು ಉಪ್ಪು, ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಈ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಮೇಲೆ ಎಷ್ಟು ಎಣ್ಣೆ ಹಚ್ಚಿದರೂ ಅಡಿಯಲ್ಲಿ ಕುಳಿತ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ನಮ್ಮ ಜುಲೈ ತಿಂಗಳ ಗಾಳಿಯಲ್ಲಿ ಅದಕ್ಕೆ ತೇವದ ಕೊರತೆಯೇ ಇಲ್ಲ. ಅಮೆರಿಕ ಸರ್ಕಾರದ ಗಣಿ ಇಲಾಖೆಯಾದ ಬ್ಯೂರೋ ಆಫ್ ಮೈನ್ಸ್ 1922ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿತ್ತು. 1927ರಲ್ಲಿ ರೆಮಿಂಗ್ಟನ್ ಕಂಪನಿ ಈ ದೋಷವಿಲ್ಲದ ‘ಕ್ಲೀನ್‌ಬೋರ್’ ಕೇಪನ್ನು ಮಾರುಕಟ್ಟೆಗೆ ತಂದ ಮೇಲೆ, ಮಾಮೂಲಿ ತೋಟಾ ಕೋವಿಗಳಿಗೆ ಕುದಿನೀರಿನ ಅಗತ್ಯ ಕ್ರಮೇಣ ಇಲ್ಲವಾಯಿತು. ಅಜ್ಜನಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಅವರ ಕೈ ಸರಿಯಾದುದನ್ನೇ ಮಾಡುತ್ತಿತ್ತು. ಅದನ್ನು ಅಜ್ಞಾನವೆಂದು ತಿಳಿದುದಕ್ಕೆ ನನಗೆ ನಿಜಕ್ಕೂ ನೋವಾಯಿತು.

ಇನ್ನೊಂದು ಸಂಚಿಕೆ ಮನೆಯ ಇನ್ನೊಂದು ಕೋವಿಯಾದ ಇಂಗ್ಲಿಷ್ ಜೋಡು ನಳಿಗೆಯ ಬಗ್ಗೆ ಎಚ್ಚರಿಸಿತು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಕೋಣೆ ಸಾಮಾನ್ಯವಾಗಿ ಎರಡೂವರೆ ಇಂಚಿನದು (ಸುಮಾರು 64 ಮಿಲಿಮೀಟರ್). ಈಗಿನ 70 ಮಿಲಿಮೀಟರ್ ತೋಟಾ, ಬಾಯಿ ಮಡಚಿರುವುದರಿಂದ, ಅದರಲ್ಲಿ ಸಲೀಸಾಗಿ ಕೂರುತ್ತದೆ; ಆದರೆ ಸಿಡಿದಾಗ ಬಿಚ್ಚಿಕೊಳ್ಳುವ ಮಡಿಕೆಗೆ ಜಾಗ ಸಾಲದೆ ಒತ್ತಡ ಅಪಾಯಕರವಾಗಿ ಏರಬಹುದು. ಸುಲಭವಾಗಿ ಕೂತಿತೆಂಬ ಒಂದೇ ಕಾರಣಕ್ಕೆ ತೋಟಾವನ್ನು ನಂಬುವವರು ನಮ್ಮೂರಿನಲ್ಲಿ ಹಲವರಿದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಒತ್ತುವ ಮುದ್ರೆಗಳಲ್ಲಿ, 1904ರ ನಂತರ, ಕಿರೀಟದ ಕೆಳಗೆ ‘ಎನ್‌ಪಿ’ ಅಕ್ಷರಗಳಿದ್ದರೆ ಆ ನಳಿಗೆ ಹೊಗೆರಹಿತ ಮದ್ದಿಗೆ, ಅಂದರೆ ಈಗಿನ ತೋಟಾಗಳ ಮದ್ದಿಗೆ, ಪರೀಕ್ಷೆಯಾದದ್ದು ಎಂದರ್ಥ.

ಅಂದು ರಾತ್ರಿಯೇ ಜೋಡು ನಳಿಗೆಯನ್ನು ಕಳಚಿ, ಭೂತಗನ್ನಡಿ ಹಿಡಿದು ನೋಡಿದೆ. ಕಿರೀಟವಿದೆ, ಬೇರೆ ಪರೀಕ್ಷೆಗಳ ಮುದ್ರೆಗಳಾದ ‘ಬಿಪಿ’ ಇದೆ, ‘ಬಿವಿ’ ಇದೆ. ‘ಎನ್‌ಪಿ’ ಇಲ್ಲ. ಬಲ್ಲ ಕೋವಿ ರಿಪೇರಿಯವರು ಅಳೆದು ನೋಡಿ ಹೇಳುವವರೆಗೆ ಅದಕ್ಕೆ ತೋಟಾ ಹಾಕಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಆಯುಧಪೂಜೆಗೆ ಅದರ ಬಾಯಿಗೆ ತೋಕ್ ಪೂ (ಕೋವಿ ಹೂವು) ಮಾತ್ರ.